ಬೆಲ್ಲನೀರಿನಿಂದ ‘ಕಾಂಬ’ದವರೆಗೆ

ಕ್ರಿ.ಶ. 1342ರ ಸುಮಾರಿಗೆ, ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು, ಪಶ್ಚಿಮ ಸಮುದ್ರದ ದಂಡೆಯನ್ನು ಹಿಡಿದು ದಕ್ಷಿಣಾಭಿಮುಖನಾಗಿ ಬರುತ್ತ, ಮೊದಲು ಬಸರೂರನ್ನು ಕಂಡು, ಅನಂತರ ತಾನು ‘ಫಾಕನೂರ್’ ಎಂದು ಹೆಸರಿಸಿದ ಪಟ್ಟಣದಲ್ಲಿ ಹಡಗಿನ ಲಂಗರನ್ನು ಇಳಿಸಿದನು. ವಿದ್ವಾಂಸರು ಇದನ್ನು ಇಂದಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರೆಂದು ಗುರುತಿಸಿದ್ದಾರೆ. ಅಲ್ಲಿಯ ಕಬ್ಬಿಗೆ ಸರಿಸಾಟಿಯಾದುದು ಆ ನಾಡಿನಲ್ಲಿ ಬೇರೆಲ್ಲಿಯೂ ಇಲ್ಲವೆಂದು ಬರೆದ ಆತನು, ಊರಿನ ಅರಸನು ಮಾಡಿದ ಒಂದು ಕಾರ್ಯವನ್ನು ವಿಶೇಷವಾಗಿ ನೆನೆದಿದ್ದಾನೆ. ಹಡಗು ನಿಂತೊಡನೆ ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನಂತೆ. ಆ ಭರವಸೆಯ ಮೇಲೆ ಯಾತ್ರಿಕರು ದಡಕ್ಕಿಳಿದು ಮೂರು ದಿನ ಅವನ ಆತಿಥ್ಯವನ್ನು ಸ್ವೀಕರಿಸಿದರಂತೆ. ಈ ಸತ್ಕಾರಕ್ಕೆ ದಿಲ್ಲಿಯ ಸುಲ್ತಾನನ ಮೇಲಣ ಗೌರವವೊಂದೇ ಕಾರಣವಾಗಿರದೆ, ಹಡಗಿನವರೊಡನೆ ವ್ಯಾಪಾರ ಮಾಡಿ ಲಾಭ ಹೊಂದುವ ಆಸೆಯೂ ಕಾರಣವಾಗಿತ್ತೆಂಬುದನ್ನು ಅವನು ಮರೆಯದೆ ಸೇರಿಸುತ್ತಾನೆ. ಆ ದಾರಿಯಾಗಿ ಹೋಗುವ ಪ್ರತಿಯೊಂದು ಹಡಗೂ ಬಂದರಿನಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸತಕ್ಕದ್ದು. ಸಲ್ಲಿಸದೆ ಮುಂದೆ ಸಾಗಿದ ಹಡಗನ್ನು ಅರಸನ ನೌಕೆಗಳು ಬೆನ್ನಟ್ಟಿ ಹಿಡಿದು ತಂದು ಸುಂಕವನ್ನು ಇಮ್ಮಡಿಯಾಗಿ ವಸೂಲು ಮಾಡತಕ್ಕದ್ದು. ಇಂತಹ ಯುದ್ಧನೌಕೆಗಳು ಸುಮಾರು ಮೂವತ್ತಿದ್ದುವು. ಮಗನನ್ನು ಒತ್ತೆಯಿಟ್ಟು ಕರೆಯುವ ಕೈಯೂ ಬೆನ್ನಟ್ಟಿ ಹಿಡಿಯುವ ಕೈಯೂ ಒಂದೇ ಆಗಿತ್ತು.

ಆ ಅರಸನಂತೆ ಸಮಯವರಿತು ಜನರೊಡನೆ ನಡೆದುಕೊಳ್ಳುವ ಕುಶಲತೆಯನ್ನು ಸೂಚಿಸಲು ಇಂಗ್ಲಿಷರು ಫ್ರೆಂಚರಿಂದ ಎರವಲು ತಂದ ಒಂದು ಪದವುಂಟು: ‘ಸಾವ್‌ವಾರ್ ಫೇರ್’. ಅಕ್ಷರಾರ್ಥದಲ್ಲಿ ‘ಮಾಡಬಲ್ಲ ಅರಿವು’ ಎಂದಷ್ಟೇ ಅದರ ತಾತ್ಪರ್ಯ. ಯಾವ ಸಭೆಯಲ್ಲಿ ಏನು ಆಡಬೇಕು, ಯಾವ ಘಳಿಗೆಯಲ್ಲಿ ಏನನ್ನು ಆಡದೆ ಉಳಿಯಬೇಕು, ಒಬ್ಬನ ಮುಖಕ್ಕೆ ಕಪ್ಪುಹತ್ತದಂತೆ ಇಲ್ಲವೆನ್ನುವುದು ಹೇಗೆ, ಎದುರಿಗಿರುವವನು ಎಡವಿದಾಗ ಅದನ್ನು ಕಂಡೂ ಕಾಣದವರಂತಿರುವುದು ಹೇಗೆ, ಇವೆಲ್ಲವನ್ನೂ ಚಿಂತಿಸಿ ನಿರ್ಧರಿಸುವ ಮೊದಲೇ ಮಾಡಿ ಮುಗಿಸುವ ಸಾಮರ್ಥ್ಯವನ್ನು ಇಂಗ್ಲಿಷಿನವರು ಈ ಹೆಸರಿನಿಂದ ಕರೆಯುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಣ್ಯರಿಗೆ ಫ್ರಾನ್ಸಿನ ನಡೆನುಡಿಯೇ ಆದರ್ಶವಾಗಿತ್ತು. ಲಾರ್ಡ್ ಚೆಸ್ಟರ್‌ಫೀಲ್ಡನು ತನ್ನ ಮಗನನ್ನು ಲೋಕವ್ಯವಹಾರದಲ್ಲಿ ನಿಪುಣನನ್ನಾಗಿಸಲು ಬರೆದ, ತಂದೆಯ ಮರಣಾನಂತರ 1774ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಫ್ರೆಂಚ್ ಪದಗಳು ಹೇರಳವಾಗಿವೆ. ಆ ಪತ್ರಗಳ ನೀತಿಯನ್ನು ಡಾಕ್ಟರ್ ಜಾನ್ಸನನು ಕಟುವಾಗಿ ಹಳಿದುದೂ ಪ್ರಸಿದ್ಧವೇ. ಆದರೆ ಪದವು ಹುಟ್ಟಿದ ನಾಡಿನಲ್ಲಿ ಇದಕ್ಕೆ ಬೇರೊಂದು ಬಳಕೆಯಿದೆ. ರೊಟ್ಟಿ ಸುಡುವವನ, ಗಡಿಯಾರ ಜೋಡಿಸುವವನ, ದ್ರಾಕ್ಷಾರಸ ತಯಾರಿಸುವವನ ಕೈಗೆ ಹತ್ತಿದ ಪಳಗಿಕೆಯನ್ನು ಫ್ರೆಂಚರು ಈ ಹೆಸರಿನಿಂದ ಕರೆಯುತ್ತಾರಲ್ಲದೆ, ಸಭ್ಯ ನಡವಳಿಕೆಗೆ ಅವರು ‘ಸಾವ್‌ವಾರ್ ವೀವ್ರ್’ ಎಂಬ ಮತ್ತೊಂದು ಹೆಸರನ್ನಿಟ್ಟಿದ್ದಾರೆ. ದೇಶಾಂತರ ಹೋದ ಪದವು ಕಮ್ಮಟದಿಂದ ಎದ್ದು ಬಂದು ದಿವಾನಖಾನೆಯಲ್ಲಿ ಕುಳಿತುಬಿಟ್ಟಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಜನರ ನಡೆಯನ್ನು ಅರಿಯಲು ಇಂಗ್ಲಿಷರ ದಿವಾನಖಾನೆಯ ಅರ್ಥಕ್ಕಿಂತ ಫ್ರೆಂಚರ ಕಮ್ಮಟದ ಅರ್ಥವೇ ಹೆಚ್ಚು ನೆರವಾಗುತ್ತದೆಂದು ನನಗೆ ತೋರುತ್ತದೆ. ಅಲಂಕೃತವಾದ ವಿನಯೋಕ್ತಿಗಳು ಈ ಸೀಮೆಯ ಭಾಷೆಯಲ್ಲಿ ವಿರಳ. ಕುಂದಾಪ್ರ ಕನ್ನಡವು ಪದಗಳ ಬಾಲವನ್ನು ಕತ್ತರಿಸಿ, ಮಾತನ್ನು ಮೊಟಕುಗೊಳಿಸಿ, ‘ಹ್ವಾಯ್’ ಎಂಬ ಒಂದೇ ಕೂಗಿನಲ್ಲಿ ಸಂಬೋಧನೆಯನ್ನೂ ಗೌರವವನ್ನೂ ಸಲುಗೆಯನ್ನೂ ಮುಗಿಸಿಬಿಡುತ್ತದೆ. ಪರವೂರಿನವರ ಕಿವಿಗೆ ಇದು ಒರಟಾಗಿ ಕೇಳಿಸಿದರೆ ಆಶ್ಚರ್ಯವೇನೂ ಇಲ್ಲ. ಇಲ್ಲಿಯ ದಾಕ್ಷಿಣ್ಯ, ಔದಾರ್ಯ, ಸಮಯಪ್ರಜ್ಞೆಗಳು ಶಬ್ದಗಳಲ್ಲಿ ಮನೆಮಾಡಿಕೊಳ್ಳದೆ ಕ್ರಿಯೆಯಲ್ಲಿ ನೆಲಸಿವೆ.

ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬರ ಮನೆಯ ಜಗಲಿಯನ್ನು ಏರಿದವನ ಸಂಗತಿಯನ್ನೇ ತೆಗೆದುಕೊಳ್ಳೋಣ. “ಬನಿ, ಕೂಕಣಿ, ಆಸ್ರಿಗ್ ಎಂತ ಕುಡಿತ್ರಿ?” ಎಂಬುದು ಮೊದಲ ಪ್ರಶ್ನೆ. “ಎಂತದೂ ಬ್ಯಾಡ, ಈಗ ಕುಡ್ಕಂಡೇ ಬಂದದ್” ಎಂಬುದು ಮೊದಲ ಉತ್ತರ. “ಅದೆಲ್ಲ ಆತಿಲ್ಲೆ, ಚೂರ್ ಬೆಲ್ಲ ನೀರಾರೂ ತಕಣಿ” ಎಂಬುದು ಪ್ರತ್ಯುತ್ತರ. ಬಂದವನು ಕುಡಿದು ಬಂದಿಲ್ಲವೆಂಬುದನ್ನು ಮನೆಯವರು ಬಲ್ಲರು. ಮನೆಯವರು ಬಲ್ಲರೆಂಬುದನ್ನು ಬಂದವನೂ ಬಲ್ಲನು. ಹಾಗಿದ್ದರೂ ಈ ಮೂರು ಮಾತುಗಳನ್ನು ಬಿಡುವಂತಿಲ್ಲ. ಏತಕ್ಕೆಂದರೆ ಅವುಗಳ ನಡುವಣ ಅವಕಾಶದಲ್ಲಿ ಗೃಹಿಣಿಯು ಒಳಗಿನ ಸ್ಥಿತಿಯನ್ನು ಅವಲೋಕಿಸಿಕೊಳ್ಳುತ್ತಾಳೆ: ಹಾಲಿದೆಯೆ, ಮಜ್ಜಿಗೆಯಿದೆಯೆ, ಏನೂ ಇಲ್ಲದಿದ್ದರೆ ಬೆಲ್ಲದ ತುಂಡೂ ಬಾವಿಯ ನೀರೂ ಇದ್ದೇ ಇವೆಯಷ್ಟೆ. ಆತಿಥ್ಯದ ಕನಿಷ್ಠ ಮಟ್ಟವನ್ನು ಬಡವನ ಮನೆಯೂ ಮುಟ್ಟಬಹುದಾದಷ್ಟು ಕೆಳಗೆ ಇರಿಸಿದವರು ಬುದ್ಧಿವಂತರೇ ಆಗಿರಬೇಕು. ಚಹಾಪುಡಿ ಮುಗಿದಿದೆಯೆಂಬ ಸಂಗತಿ ಬೆಲ್ಲನೀರಿನ ಹಿಂದೆ ಮರೆಯಾಗುತ್ತದೆ. ಬಂದವನು ಲೋಟವನ್ನು ಕೆಳಗಿಟ್ಟು ಏಳುವಾಗ ‘ಹೋಗುತ್ತೇನೆ’ ಎಂದು ಎಂದಿಗೂ ಹೇಳಬಾರದು. ‘ಬತ್ತೆ’ ಎನ್ನಬೇಕು, ಮನೆಯವರು ‘ಹೋಯ್ಬನಿ’ ಎನ್ನಬೇಕು.

ಸಾಲ ಕೇಳಲು ಬಂದವನ ರೀತಿ ಇದಕ್ಕಿಂತ ಸೂಕ್ಷ್ಮ. ಅವನು ಮಳೆಯ ವಿಷಯವನ್ನು, ಭತ್ತದ ಪೈರನ್ನು, ದೇವಸ್ಥಾನದ ಜೀರ್ಣೋದ್ಧಾರವನ್ನು, ಮುಂಬಯಿಯಲ್ಲಿರುವ ಮಗನ ಕಾಗದವನ್ನು ಕ್ರಮವಾಗಿ ಮುಗಿಸಿ, ಅಂಗಳಕ್ಕಿಳಿದು, ಚಪ್ಪಲಿಯನ್ನು ಮೆಟ್ಟುತ್ತ, ಆಗಷ್ಟೇ ನೆನಪಾದವನಂತೆ “ಒಂದ್ ಸುದ್ದಿ ಹೇಳ್ಕಿತ್ತ್” ಎನ್ನುತ್ತಾನೆ. ಚಪ್ಪಲಿ ಕಾಲಿನಲ್ಲಿರುವುದರಿಂದ ಇಲ್ಲವೆಂಬ ಉತ್ತರ ಬಂದರೆ ಅಲ್ಲಿಯೇ ಕುಳಿತು ಅದನ್ನು ಅನುಭವಿಸಬೇಕಾದ ಕಷ್ಟವಿಲ್ಲ. ಕೊಡಲು ಮನಸ್ಸಿಲ್ಲದ ಯಜಮಾನನೂ ಇಲ್ಲವೆನ್ನುವುದಿಲ್ಲ, “ಕಾಂಬ” ಎನ್ನುತ್ತಾನೆ. ನೋಡೋಣ ಎಂಬುದಕ್ಕೆ ಕುಂದಾಪುರದವರ ಮಾತು ಅದು. ಎಳೆಯದೆ ಗಟ್ಟಿಯಾಗಿ ಆಡಿದ ‘ಕಾಂಬ’ವು ಮುಂದಿನ ವಾರ ಬಾ ಎಂಬ ಸೂಚನೆ, ಕೊನೆಯ ಅಕ್ಷರವನ್ನು ದೀರ್ಘವಾಗಿ ಎಳೆದು, ದೃಷ್ಟಿಯನ್ನು ತೆಂಗಿನ ತುದಿಗೆ ತಿರುಗಿಸಿ ಆಡಿದ ‘ಕಾಂಬ’ವಾದರೋ ಇನ್ನು ಬರಬೇಡವೆಂಬ ಸೂಚನೆ. ಈ ವ್ಯತ್ಯಾಸವನ್ನು ಅರಿಯದೆ ಪುನಃ ಪುನಃ ಬರುವವನನ್ನು ಊರಿನವರು ಸಾಲಗಾರನೆಂದು ಹಳಿಯುವುದಿಲ್ಲ, ಅಂದಾಜಿಲ್ಲದವನೆಂದು ಹಳಿಯುತ್ತಾರೆ.

ವಿವಾಹದ ಮಾತುಕತೆಯಲ್ಲಿ ನೋಯಿಸದೆ ಇಲ್ಲವೆನ್ನುವ ಈ ಕಾರ್ಯವನ್ನು ಗ್ರಹಗಳಿಗೆ ವಹಿಸಲಾಗಿದೆ. ಹುಡುಗನ ಸಂಬಳ ಕಡಿಮೆಯೆಂದೋ, ಹುಡುಗಿಯ ಮನೆತನದಲ್ಲಿ ವ್ಯಾಜ್ಯವಿದೆಯೆಂದೋ, ಅಥವಾ ಕಾರಣವೇ ಇಲ್ಲದೆ ಮನಸ್ಸಿಗೆ ಹಿಡಿಸಲಿಲ್ಲವೆಂದೋ ಹೇಳುವ ಬದಲು, ‘ಜಾತಕ ಕೂಡಿ ಬರಲಿಲ್ಲ’ ಎಂಬ ಒಂದು ವಾಕ್ಯವನ್ನು ಮಧ್ಯಸ್ಥನ ಮೂಲಕ ಕಳುಹಿಸಿದರೆ ಸಾಕು. ಅಪರಾಧವೆಲ್ಲ ಶನಿ ಕುಜರ ತಲೆಗೆ ಹೋಗಿ, ಎರಡು ಮನೆಗಳೂ ಮುಂದಿನ ವರ್ಷದ ಜಾತ್ರೆಯಲ್ಲಿ ಮುಖ ಮುಖ ನೋಡಿ ಮಾತನಾಡಬಹುದು. ಜ್ಯೋತಿಷದಲ್ಲಿ ನಂಬಿಕೆಯಿಲ್ಲದವರು ಕೂಡ ಇದರ ಈ ಪ್ರಯೋಜನವನ್ನು ಅಲ್ಲಗಳೆಯಲಾರರು.

ಸಾಧಾರಣವಾಗಿ ದಾಕ್ಷಿಣ್ಯವನ್ನೂ ಈ ಕುಶಲತೆಯನ್ನೂ ಒಂದೇ ಎಂದು ಎಣಿಸುವುದುಂಟು. ದಾಕ್ಷಿಣ್ಯಕ್ಕೆ ಒಳಗಾದವನು ಇಲ್ಲವೆನ್ನಲಾರದೆ ಕೊಟ್ಟು ಕೆಡುತ್ತಾನೆ, ಇಲ್ಲವೆ ಒಪ್ಪಿ ಕೈಕೊಡುತ್ತಾನೆ. ಕುಶಲನು ಇಲ್ಲವೆಂದೂ ಮಿತ್ರನಾಗಿ ಉಳಿಯುತ್ತಾನೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾಧಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಪದ, ಅಲಂಕಾರ, ರಸಗಳ ಯೋಗ್ಯಸ್ಥಾನ; ಜಗಲಿಯ ಮೇಲಣ ಮಾತಿಗೂ ಆ ಶಾಸ್ತ್ರವು ಅಕ್ಷರಶಃ ಸಲ್ಲುತ್ತದೆ.

ಈ ವಿದ್ಯೆಯನ್ನು ಕಲಿಸುವ ಶಾಲೆಯೊಂದು ಈ ಸೀಮೆಯಲ್ಲಿ ಇದೆಯೆಂದಾದರೆ ಅದು ಯಕ್ಷಗಾನವೇ. ನವರಾತ್ರಿಯ ದಿನಗಳಲ್ಲಿ ಹೂವಿನಿಂದ ಸಿಂಗರಿಸಿದ ಕೋಲನ್ನು ಹಿಡಿದ ಚಿಕ್ಕ ಬಾಲಕರು ಭಾಗವತನೊಡನೆಯೂ ಮದ್ದಳೆಗಾರನೊಡನೆಯೂ ಮನೆಮನೆಗೆ ಬಂದು, ಮನೆಯವರಿಗೆ ಶುಭವನ್ನು ಹಾರೈಸಿ, ಎದುರುಬದುರಾಗಿ ಕುಳಿತು ಪ್ರಸಂಗವೊಂದರ ಸಂಭಾಷಣೆಯನ್ನು ಒಪ್ಪಿಸುವ ‘ಹೂವಿನಕೋಲು’ ಈ ಭಾಗದ ಹಳೆಯ ಸಂಪ್ರದಾಯ. ಅಪರಿಚಿತರ ಚಾವಡಿಯಲ್ಲಿ ಕುಳಿತು, ಹಿರಿಯರ ಮುಖವನ್ನು ನೋಡುತ್ತ, ಅಳುಕದೆ, ಆದರೆ ಉದ್ಧಟನಾಗದೆ, ಅರ್ಜುನನ ಮಾತನ್ನು ಹತ್ತು ವರ್ಷದ ಬಾಲಕನೊಬ್ಬನು ಆಡಿ ಮುಗಿಸಿ, ಅಕ್ಕಿ ಕಾಯಿ ದಕ್ಷಿಣೆಗಳನ್ನು ವಿನಯದಿಂದ ಪಡೆದು ಮುಂದಿನ ಮನೆಗೆ ನಡೆಯುವಾಗ, ಪಠ್ಯಪುಸ್ತಕದ ಸಭ್ಯತೆಯ ಪಾಠಗಳು ಕಲಿಸಲಾರದ ಒಂದನ್ನು ಅವನು ಕಲಿತಿರುತ್ತಾನೆ.

ಮುಂದೆ ತಾಳಮದ್ದಳೆಯ ಕೂಟಕ್ಕೆ ಬಂದರೆ ಈ ವಿದ್ಯೆಯ ಪ್ರೌಢರೂಪವನ್ನು ನೋಡಬಹುದು. ಮಳೆಗಾಲದಲ್ಲಿ ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳು ಗೆಜ್ಜೆ ಬಿಚ್ಚಿ ವಿಶ್ರಮಿಸುತ್ತಿರುವಾಗ, ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಮಾತಿನಿಂದಲೇ ನಡೆಯತಕ್ಕ ಈ ಕಲೆಯಲ್ಲಿ ಅರ್ಥಧಾರಿಗೆ ಪದ್ಯವು ಗೊತ್ತಿರುತ್ತದೆಯೇ ಹೊರತು ಎದುರಾಳಿಯು ಏನು ಕೇಳುವನೆಂಬುದು ಗೊತ್ತಿರುವುದಿಲ್ಲ. ‘ಕೃಷ್ಣಸಂಧಾನ’ದ ಕೃಷ್ಣನು ಎಷ್ಟೇ ವಾಗ್ಮಿಯಾದರೂ ಕೌರವನನ್ನು ಒಪ್ಪಿಸಿಬಿಡುವಂತಿಲ್ಲ, ಒಪ್ಪಿಸಿದರೆ ಕುರುಕ್ಷೇತ್ರವೇ ಇಲ್ಲ. ಆದಕಾರಣ ಕೃಷ್ಣನ ಪಾತ್ರಧಾರಿಯು ತನ್ನ ವಾದವು ಗೆಲ್ಲುವಷ್ಟು ಬಲವಾಗಿಯೂ, ಕೌರವನ ಮೊಂಡುತನಕ್ಕೆ ಮರ್ಯಾದೆಯ ನಿಲುವೊಂದು ಉಳಿಯುವಷ್ಟು ಸಡಿಲವಾಗಿಯೂ ಇರುವಂತೆ ಮಾತನ್ನು ಹೆಣೆಯಬೇಕು. ಎದುರಿನವನ ಮೇಲೆ ಪುರಾಣದ ಉಲ್ಲೇಖಗಳನ್ನು ಸುರಿದು ಅವನನ್ನು ಮೂಕನನ್ನಾಗಿ ಮಾಡಿದ ಅರ್ಥಧಾರಿಗೆ ಆ ರಾತ್ರಿ ಚಪ್ಪಾಳೆ ದೊರೆಯಬಹುದು. ಪ್ರಸಂಗವು ಅಲ್ಲಿಗೇ ಸತ್ತಿತೆಂಬುದನ್ನು ಬಲ್ಲ ಶ್ರೋತೃಗಳು ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆ ಸರಿಸಿ ಎದ್ದುಹೋಗುತ್ತಾರೆ.

ಇಲ್ಲಿ ಎಲ್ಲರಿಗಿಂತ ಮಿಗಿಲಾದ ಕುಶಲನು ಭಾಗವತ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಅವನನ್ನು ‘ಒಂದನೆಯ ವೇಷ’ವೆಂದು ಕರೆಯುವುದು ಸಾರ್ಥಕವಾಗಿದೆ. ಅರ್ಥಧಾರಿಗಳಿಬ್ಬರ ವಾದವು ಪಾತ್ರದ ಗಡಿಯನ್ನು ದಾಟಿ ವೈಯಕ್ತಿಕ ವೈರಕ್ಕೆ ಇಳಿಯತೊಡಗಿತೆಂದು ತಿಳಿದ ಕ್ಷಣದಲ್ಲಿ ಅವನು ಯಾರನ್ನೂ ಗದರಿಸುವುದಿಲ್ಲ, ‘ಸಾಕು’ ಎನ್ನುವುದಿಲ್ಲ; ಮದ್ದಳೆಗಾರನನ್ನು ಕಡೆಗಣ್ಣಿನಿಂದ ನೋಡಿ ಮುಂದಿನ ಪದ್ಯವನ್ನು ಎತ್ತಿಬಿಡುತ್ತಾನೆ. ತನ್ನ ಮಾತು ತುಂಡಾಯಿತೆಂದು ಸಿಟ್ಟುಗೊಳ್ಳುವುದಕ್ಕೂ ಅರ್ಥಧಾರಿಗೆ ಅವಕಾಶವಿಲ್ಲ, ಪದ್ಯ ಬಂದಾಗ ಸುಮ್ಮನಿರಬೇಕಾದುದು ಕಲೆಯ ನಿಯಮವೇ ಆಗಿದೆಯಲ್ಲ! ಶಾಸನಸಭೆಗಳ ಸಭಾಧ್ಯಕ್ಷರಿಗೆ ಒಬ್ಬೊಬ್ಬ ಮದ್ದಳೆಗಾರನನ್ನು ಒದಗಿಸಿದರೆ ಹೇಗಾದೀತೆಂದು ಊಹಿಸುವುದು ಬಹಳ ಸುಖಕರ.

ಬ್ರಹ್ಮಾವರದ ಆಸುಪಾಸಿನಲ್ಲಿ ಈ ವ್ಯವಹಾರಜ್ಞಾನಕ್ಕೆ ಭಾಷೆಯ ಆಯಾಮವೊಂದು ಸೇರುತ್ತದೆ. ಉತ್ತರದಿಂದ ಬಂದ ಕುಂದಾಪ್ರ ಕನ್ನಡವೂ ದಕ್ಷಿಣದಿಂದ ಬಂದ ತುಳುವೂ ಇಲ್ಲಿ ಕೂಡಿಕೊಳ್ಳುತ್ತವೆ; ಅವುಗಳ ನಡುವೆ ಗೌಡ ಸಾರಸ್ವತರ ಕೊಂಕಣಿ, ಕ್ರೈಸ್ತರ ಕೊಂಕಣಿ, ಬ್ಯಾರಿಗಳ ಮಾತು ಎಲ್ಲವೂ ಇವೆ. ಪೇಟೆಯ ಅಂಗಡಿಯವನು ಗಿರಾಕಿಯು ಬಾಯಿ ತೆರೆಯುವ ಮೊದಲೇ ಅವನ ಉಡುಗೆಯಿಂದಲೋ ನಡಿಗೆಯಿಂದಲೋ ಭಾಷೆಯನ್ನು ಊಹಿಸಿ ಆ ಭಾಷೆಯಲ್ಲಿಯೇ ಸ್ವಾಗತಿಸುತ್ತಾನೆ. ಬೈಂದೂರು ತಾಲ್ಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನಕ್ಕೆ ಕೇರಳದಿಂದ ಬರುವ ಭಕ್ತಸಮೂಹಕ್ಕೆ ಅಲ್ಲಿಯ ವ್ಯಾಪಾರಿಗಳು ಮಲಯಾಳದಲ್ಲಿ ಉತ್ತರಿಸುವುದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಅದರಲ್ಲಿ ಲಾಭದ ದೃಷ್ಟಿಯಿಲ್ಲವೆ ಎಂದರೆ, ಖಂಡಿತವಾಗಿಯೂ ಇದೆ. ಲಾಭವು ಬೆರೆತೊಡನೆ ಸೌಜನ್ಯವು ಸುಳ್ಳಾಗುತ್ತದೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ವ್ಯಾಪಾರವಿಲ್ಲದೆ ಇದ್ದರೆ ಈ ಕರಾವಳಿಯ ಜನಕ್ಕೆ ಪರರ ಮಾತನ್ನು ಕಲಿಯುವ ಪ್ರಸಕ್ತಿಯೇ ಬರುತ್ತಿರಲಿಲ್ಲ.

ಕರಾವಳಿಯ ಈ ಅರಿವು ಘಟ್ಟವನ್ನು ಹತ್ತಿ ಒಂದು ಉದ್ಯಮವೇ ಆಗಿ ಬೆಳೆದ ಕಥೆಯನ್ನು ಬೆಂಗಳೂರಿನವರೆಲ್ಲ ಬಲ್ಲರು, ಅದು ಎಲ್ಲಿಂದ ಬಂದಿತೆಂಬುದನ್ನು ಕೆಲವರೇ ಬಲ್ಲರು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೊರಟ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಚಿಕ್ಕ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಗಿ, ಎಂಟಿಆರ್ ಎಂಬ ಮೂರಕ್ಷರಗಳಲ್ಲಿ ಲೋಕಪ್ರಸಿದ್ಧವಾಯಿತು. ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ವ್ಯವಸ್ಥೆಯನ್ನು ಕಣ್ಣಾರೆ ಕಂಡು ಬಂದರು. ಬಂದು ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ಜಾರಿಗೆ ತಂದರು. ಅಡುಗೆಯ ಮನೆಯನ್ನು ಗಿರಾಕಿಯ ದೃಷ್ಟಿಗೆ ತೆರೆದಿಟ್ಟದ್ದೂ ಬೆಳ್ಳಿಯ ಲೋಟದಲ್ಲಿ ಕಾಫಿಯನ್ನು ಕೊಟ್ಟದ್ದೂ ಅವರ ಹೋಟೆಲಿನ ಹೆಗ್ಗುರುತುಗಳಾದವು. ‘ನಮ್ಮಲ್ಲಿ ಎಲ್ಲವೂ ಶುಚಿಯಾಗಿದೆ’ ಎಂದು ಗೋಡೆಯ ಮೇಲೆ ಬರೆಯಿಸುವುದು ಸುಲಭ. ಸಂದೇಹಪಡುವವನು ಬಾಯಿಬಿಟ್ಟು ಸಂದೇಹವನ್ನು ಹೇಳಬೇಕಾದ ಮುಜುಗರಕ್ಕೆ ಬೀಳದೆ ತಾನೇ ನೋಡಿ ತಿಳಿಯಲೆಂದು ಬಾಗಿಲನ್ನು ತೆರೆದಿಡುವುದು, ಜಗಲಿಯ ಬೆಲ್ಲನೀರನ್ನು ಕಂಡು ಬೆಳೆದವರಿಗೆ ಹೊಳೆಯಬಹುದಾದ ಉಪಾಯ.

ಬಸವನಗುಡಿಯ ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಸಾಲಿಗ್ರಾಮದ ಉರಾಳ ಸಹೋದರರಿಂದ ಆರಂಭವಾಯಿತು. ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಬಂದು, ಯಾರ ಮೇಜಿಗೆ ಎಷ್ಟೆಂಬುದನ್ನು ಬರೆದುಕೊಳ್ಳದೆ ಇಳಿಸಿ ಹೋಗುವ ಅಲ್ಲಿಯ ಮಾಣಿಗಳನ್ನು ನೋಡಲೆಂದೇ ಹೋಗುವವರುಂಟು. ಆದರೆ ಹೋಟೆಲಿನ ಕೆಲಸದಲ್ಲಿ ನುರಿತವರು ಮೆಚ್ಚುವುದು ತೋಳಿನ ಸಾಮರ್ಥ್ಯವನ್ನಲ್ಲವಂತೆ. ಕಾಫಿ ಮುಗಿದರೂ ಮಾತು ಮುಗಿಯದ ಮೇಜಿನವರನ್ನು, ಬಾಗಿಲಲ್ಲಿ ಕಾಯುತ್ತಿರುವವರ ಸಲುವಾಗಿ, ಅವಮಾನವೆನ್ನಿಸದಂತೆ ಎಬ್ಬಿಸುವುದೇ ಮಾಣಿಯ ನಿಜವಾದ ಪರೀಕ್ಷೆ. ‘ಮತ್ತೇನಾದರೂ ಕೊಡಲೆ?’ ಎಂಬ ಪ್ರಶ್ನೆಯನ್ನು ಎರಡು ಸಲ, ಒಂದೇ ನಗುಮುಖದಿಂದ, ತಕ್ಕ ಅಂತರವನ್ನಿಟ್ಟು ಕೇಳಿದರೆ ಸಾಕಾಗುತ್ತದೆ.

ಇಷ್ಟನ್ನು ಹೊಗಳಿದ ಮೇಲೆ ಈ ನಯದ ಮರೆಯಲ್ಲಿ ಏನು ಅಡಗಿತ್ತೆಂಬುದನ್ನೂ ಹೇಳದಿದ್ದರೆ ಲೇಖನವು ಅಪ್ರಾಮಾಣಿಕವಾಗುತ್ತದೆ. ಬೆಲ್ಲನೀರು ಎಲ್ಲರಿಗೂ ಒಂದೇ ಲೋಟದಲ್ಲಿ ಬರುತ್ತಿರಲಿಲ್ಲ. ಒಬ್ಬನಿಗೆ ಚಾವಡಿ, ಒಬ್ಬನಿಗೆ ಜಗಲಿ, ಒಬ್ಬನಿಗೆ ಅಂಗಳ, ಮತ್ತೊಬ್ಬನಿಗೆ ಅಂಗಳದ ಹೊರಗಣ ಗದ್ದೆಯ ಅಂಚು ಎಂದು ಜಾತಿಯು ಗೆರೆಯೆಳೆದಿತ್ತು. ಆ ಗೆರೆಯನ್ನು ಯಾರೂ ಬಾಯಿಂದ ಹೇಳಬೇಕಾಗದಂತೆ ನಡೆದುಕೊಳ್ಳುವುದನ್ನೇ ಆಗಿನವರು ಅಂದಾಜು ಎಂದು ಕರೆದರು. ದೇವಸ್ಥಾನಗಳ ಪಂಕ್ತಿಭೇದವೂ ಇದೇ ಕುಲದ್ದು. ಬೆಂಗಳೂರಿನ ಹಳೆಯ ಹೋಟೆಲುಗಳ ಫಲಕಗಳ ಮೇಲೆ ‘ಬ್ರಾಹ್ಮಣರ’ ಎಂಬ ವಿಶೇಷಣ ನಿಂತಿದ್ದದ್ದು ಅಲಂಕಾರಕ್ಕಾಗಿ ಆಗಿರಲಿಲ್ಲ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯನ್ನು ಬರೆದು, ತನ್ನದೇ ಒಂದು ತುಂಡು ಹೊಲವನ್ನು ಬಯಸಿದ ಅಸ್ಪೃಶ್ಯನೊಬ್ಬನಿಗೆ ಈ ಸುಸಂಸ್ಕೃತ ಕರಾವಳಿಯಲ್ಲಿ ಏನಾಯಿತೆಂಬುದನ್ನು ತೋರಿಸಿದರು.

ಕಾರಂತರ ವಿಷಯ ಬಂದುದರಿಂದ ಇನ್ನೊಂದು ಮಾತು. ಇಷ್ಟು ನಯಗಾರಿಕೆಯ ಸೀಮೆಯು ನಯವನ್ನು ಲೆಕ್ಕಿಸದ ಇಬ್ಬರನ್ನು ಕನ್ನಡ ಸಾಹಿತ್ಯಕ್ಕೆ ಕೊಟ್ಟಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ಕಾರಂತರು ಒಬ್ಬರು. ಬೈಂದೂರಿನ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿ, ನವ್ಯಕಾವ್ಯದ ಕಟುವ್ಯಂಗ್ಯದಿಂದ ಓದುಗರನ್ನು ತಬ್ಬಿಬ್ಬುಗೊಳಿಸಿದ ಗೋಪಾಲಕೃಷ್ಣ ಅಡಿಗರು ಮತ್ತೊಬ್ಬರು. ‘ಕಾಂಬ’ ಎನ್ನಬೇಕಾದಲ್ಲಿ ಇವರಿಬ್ಬರೂ ‘ಇಲ್ಲ’ ಎಂದೇ ಹೇಳಿದರು. ಎಲ್ಲರೂ ಎಲ್ಲವನ್ನೂ ಸೂಚ್ಯವಾಗಿ ಹೇಳುತ್ತಿರುವ ಸಮಾಜದಲ್ಲಿ ಒಬ್ಬನು ಗಟ್ಟಿಯಾಗಿ ಆಡಿದ ಮಾತಿಗೆ ಎಷ್ಟು ದೂರ ಕೇಳಿಸುವ ಶಕ್ತಿಯಿರುತ್ತದೆಂಬುದನ್ನು ಅವರು ಬಾಲ್ಯದಲ್ಲಿಯೇ ಕಂಡಿರಬಹುದೆಂದು ನನ್ನ ಊಹೆ.

ಹೆಂಗಸರಿಗೆ ಆ ಗಟ್ಟಿಮಾತಿನ ಸ್ವಾತಂತ್ರ್ಯವೂ ಇರಲಿಲ್ಲ. ಮೂರು ಮಾತುಗಳ ನಡುವೆ ಹಾಲಿದೆಯೆ ಎಂದು ನೋಡಿಕೊಂಡವಳು, ಬೀಗರ ಊಟದಲ್ಲಿ ಕಡಿಮೆಯಾದ ಪಾಯಸವನ್ನು ಕಡೆಯ ಪಂಕ್ತಿಯವರೆಗೆ ಸರಿದೂಗಿಸಿದವಳು, ಗಂಡನು ಕೊಟ್ಟ ಮಾತನ್ನು ಉಳಿಸಲು ತನ್ನ ಬಳೆಯನ್ನು ಬಿಚ್ಚಿಕೊಟ್ಟವಳು ಎಲ್ಲರೂ ಅವಳೇ. ಮನೆಯ ಮರ್ಯಾದೆಯ ಹೆಸರು ಮಾತ್ರ ಯಜಮಾನನದು. ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿಯವರು ಈ ಒಳಮನೆಯ ಕಡೆಯಿಂದ, ಅಲ್ಲಿಯ ಹೆಂಗಸರ ಆಡುಮಾತಿನಲ್ಲಿಯೇ ಬರೆದರು. ಅವರ ‘ಅಕ್ಕು’ ಕಥೆಯಲ್ಲಿ ಮನೆಯವರು ಹುಚ್ಚಿಯೆಂದು ತಳ್ಳಿಹಾಕಿದ ಹೆಂಗಸು, ಉಳಿದವರು ಮುಚ್ಚಿಟ್ಟುಕೊಂಡು ಬದುಕುವುದನ್ನು ಬಾಯಿಗೆ ಬಂದಂತೆ ಆಡಿಬಿಡುತ್ತಾಳೆ. ಅವಳ ಒಂದೊಂದು ಮಾತಿಗೂ ಮನೆಯವರು ಬೆಚ್ಚುತ್ತಾರೆ. ಈ ಕಥೆಯೂ ವೈದೇಹಿಯವರ ಬೇರೆರಡು ಕಥೆಗಳೂ ಸೇರಿ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಎಂಬ ಚಲನಚಿತ್ರವಾದಾಗ, ಕುಂದಾಪ್ರ ಕನ್ನಡವನ್ನು ಕೇಳಿರದ ಊರುಗಳವರೂ ಆ ಮಾತನ್ನು ಕೇಳಿದರು.